ಗಗನನೌಕೆ ಆಟಿಕೆಯಂತೆ ಕಾಣದಿರಲು: ಬ್ಲೆಂಡರ್‌ನಲ್ಲಿ ಮೊದಲ ಗೆರೆಯಿಂದ ಕೊನೆಯ ಟೆಕ್ಸ್ಚರ್‌ವರೆಗೆ

ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಹವ್ಯಾಸಕ್ಕೆಂದು ಅನಿಮೇಷನ್ ಮಾಡುವ ಗೆಳೆಯರು ತಮ್ಮ ಗಗನನೌಕೆಯ ಫೈಲು ಕಳಿಸಿ ‘ಎಲ್ಲಿ ಎಡವಿದ್ದೇನೆ ನೋಡಿ’ ಎಂದಾಗಲೆಲ್ಲ ಅವೇ ಮೂರು ತೊಂದರೆಗಳು ಎದುರಾಗುತ್ತವೆ. ದೂರದಿಂದ ಚೆನ್ನಾಗಿ ಕಾಣುವ ನೌಕೆಯ ಮೈ ಕ್ಯಾಮೆರಾ ಹತ್ತಿರ ಹೋದೊಡನೆ ಮಸುಕಾಗುತ್ತದೆ. ಎಷ್ಟು ವಿವರ ತುಂಬಿದರೂ ಅದು ಅಂಗೈ ಅಗಲದ ಪ್ಲಾಸ್ಟಿಕ್ ಆಟಿಕೆಯಂತೆಯೇ ಇರುತ್ತದೆ. ಕಪ್ಪು ಆಕಾಶದಲ್ಲಿ ಇಟ್ಟಾಗ ಲೋಹದ ಮೈ ಇದ್ದಿಲಿನ ತುಂಡಾಗುತ್ತದೆ.

ಮೂರಕ್ಕೂ ಎಲ್ಲರೂ ಮಾಡುವ ಪರಿಹಾರ ಒಂದೇ: ಇನ್ನೂ ಒಳ್ಳೆಯ ಟೆಕ್ಸ್ಚರ್, ಅಂದರೆ ಮೈಗೆ ಹೊದಿಸುವ ಚಿತ್ರ, ಹುಡುಕುವುದು. ಅದರಿಂದ ಏನೂ ಆಗುವುದಿಲ್ಲ, ಏಕೆಂದರೆ ತಪ್ಪಿರುವುದು ಕೆಲಸದ ಕ್ರಮದಲ್ಲಿ. ಕ್ಯಾಮೆರಾ ನೌಕೆಗೆ ಎಷ್ಟು ಹತ್ತಿರ ಬರುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಮೆಶ್ (ಆಕಾರದ ಬಲೆ), ಯುವಿ (ಚಿತ್ರ ಹೊದಿಸಲು ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿದ ನಕ್ಷೆ), ಟೆಕ್ಸ್ಚರ್‌ನ ಅಳತೆ, ಗೆರೆಗಳ ದಪ್ಪ ಎಲ್ಲವೂ ಆ ಒಂದು ಉತ್ತರದಿಂದ ಹುಟ್ಟುತ್ತವೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂದನ್ನು ಹಾರಿದರೆ ಮೂರು ಹಂತ ಮುಂದೆ ಹೋದ ಮೇಲೆ ಅದು ಕೈಕೊಡುತ್ತದೆ.

ಉದಾಹರಣೆಗೆ 48 ಮೀಟರ್ ಉದ್ದ, 12 ಮೀಟರ್ ಅಗಲ, 9 ಮೀಟರ್ ಎತ್ತರದ ಒಂದು ಸರಕು ನೌಕೆಯನ್ನು ಇಟ್ಟುಕೊಳ್ಳೋಣ. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ಎತ್ತರ 43.5 ಮೀಟರ್. ಅದನ್ನು ಅಡ್ಡ ಮಲಗಿಸಿದರೆ ನಮ್ಮ ನೌಕೆಗಿಂತ ತುಸು ಗಿಡ್ಡ ಎಂದುಕೊಂಡರೆ ಅಂದಾಜು ಸಿಗುತ್ತದೆ.

## ಕೈಯಲ್ಲಿ ಇರಬೇಕಾದವು

ಬ್ಲೆಂಡರ್ 4.2 ಅಥವಾ ಅದರ ನಂತರದ ಯಾವುದೇ ಆವೃತ್ತಿ. ಬಣ್ಣ ಬಳಿಯಲು ಕ್ರೀಟಾ ಅಥವಾ ಗಿಂಪ್. ಅಕ್ಷರ, ಲಾಂಛನಗಳಿಗೆ ಇಂಕ್‌ಸ್ಕೇಪ್. ಇವೆಲ್ಲವೂ ಉಚಿತ. ಪಾಲಿ ಹೇವನ್ ಮತ್ತು ಆಂಬಿಯೆಂಟ್ ಸಿಜಿ ತಾಣಗಳಲ್ಲಿ ಸಿಗುವ ಟೆಕ್ಸ್ಚರ್‌ಗಳು ಸಿಸಿ0 ಪರವಾನಗಿಯವು, ಹಕ್ಕಿನ ತಂಟೆಯಿಲ್ಲದೆ ಬಳಸಬಹುದು. ಮೂರು ಗುಂಡಿಯ ಮೌಸ್ ಇರಲಿ. 16 ಜಿಬಿ ರ‍್ಯಾಮ್ ಮತ್ತು 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಇಲ್ಲಿ ಹೇಳುವುದೆಲ್ಲ ಆರಾಮವಾಗಿ ನಡೆಯುತ್ತದೆ. 4 ಜಿಬಿ ಕಾರ್ಡಿನಲ್ಲೂ ಆಗುತ್ತದೆ, ಟೆಕ್ಸ್ಚರ್‌ಗಳ ಲೆಕ್ಕದಲ್ಲಿ ಬಿಗಿ ಹಿಡಿಯಬೇಕು.

ಇದರ ಜೊತೆ ಒಂದು ನೋಟ್‌ಬುಕ್. ಅಳತೆಗಳನ್ನು ಬರೆದಿಡದವರು ಏಳನೆಯ ಹಂತಕ್ಕೆ ಬರುವಷ್ಟರಲ್ಲಿ ಅವನ್ನು ಮರೆತಿರುತ್ತಾರೆ.

## 1. ಅತಿ ಹತ್ತಿರದ ಶಾಟ್ ಯಾವುದು?

ನಿಮ್ಮ ಚಿತ್ರದಲ್ಲಿ ನೌಕೆ ಕಾಣುವ ಎಲ್ಲ ಶಾಟ್‌ಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ, ಪರದೆಯ ಎಡ ತುದಿಯಿಂದ ಬಲ ತುದಿಯವರೆಗೆ ನೌಕೆಯ ಎಷ್ಟು ಮೀಟರ್ ಕಾಣುತ್ತದೆ ಎಂದು ಬರೆಯಿರಿ. ಅದರಲ್ಲಿ ಅತಿ ಚಿಕ್ಕ ಸಂಖ್ಯೆಯೇ ನಿಮ್ಮ ಅಳತೆಗೋಲು.

ನಮ್ಮ ಸರಕು ನೌಕೆಯ ಪಕ್ಕದ ಬಾಗಿಲ ಬಳಿ ಕ್ಯಾಮೆರಾ ಹಾದುಹೋಗುವಾಗ ಪರದೆಯಲ್ಲಿ 8 ಮೀಟರ್ ಮಾತ್ರ ಕಾಣುತ್ತದೆ ಎನ್ನೋಣ. ಪರದೆಯ ಅಗಲ 1920 ಪಿಕ್ಸೆಲ್. 1920ನ್ನು 8ರಿಂದ ಭಾಗಿಸಿದರೆ 240. ಅಂದರೆ ಆ ಜಾಗದಲ್ಲಿ ಟೆಕ್ಸ್ಚರ್‌ಗೆ ಮೀಟರಿಗೆ 240 ಪಿಕ್ಸೆಲ್ ಸಾಂದ್ರತೆ ಬೇಕು. ಅದಕ್ಕಿಂತ ಕಡಿಮೆಯಾದರೆ ಮಸುಕು, ಬಹಳ ಹೆಚ್ಚಾದರೆ ಮೆಮೊರಿ ಹಾಳು.

ಈಗ ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನು ಲೆಕ್ಕದಲ್ಲೇ ನೋಡಿ. 4096 ಪಿಕ್ಸೆಲ್‌ನ ಒಂದು ಚೌಕ ಚಿತ್ರವನ್ನು ಮೀಟರಿಗೆ 240ರಂತೆ ಹರಡಿದರೆ ಅದು ಮುಚ್ಚುವುದು ಸುಮಾರು 17 ಮೀಟರ್ ಚೌಕವನ್ನು, ಅಂದರೆ 290 ಚದರ ಮೀಟರ್. ನೌಕೆಯನ್ನು ಬರಿಯ ಪೆಟ್ಟಿಗೆ ಎಂದುಕೊಂಡರೂ ಮೈಯ ವಿಸ್ತೀರ್ಣ 2232 ಚದರ ಮೀಟರ್. ಒಂದಿಂಚೂ ಬಿಡದೆ ಜೋಡಿಸಿದರೂ ಎಂಟು ಚಿತ್ರ ಬೇಕು. ‘4ಕೆ ಹಾಕಿದ್ದೇನೆ, ಆದರೂ ಮಸುಕು’ ಎನ್ನುವವರು ಎಂಟು ಚಿತ್ರದ ಕೆಲಸವನ್ನು ಒಂದರಿಂದ ಮಾಡಿಸುತ್ತಿರುತ್ತಾರೆ.

ಎಂಟು ಚಿತ್ರ ಬಳಸಬೇಕಿಲ್ಲ. ಬಾಗಿಲ ಸುತ್ತಲಿನ ಭಾಗಕ್ಕೆ ಮಾತ್ರ 240 ಕೊಡಿ, ಉಳಿದ ಮೈಗೆ 60 ಸಾಕು. ಮೀಟರಿಗೆ 60ರಂತೆ ಒಂದು 4ಕೆ ಚಿತ್ರ 4600 ಚದರ ಮೀಟರಿಗೂ ಹೆಚ್ಚು ಮುಚ್ಚುತ್ತದೆ, ಇಡೀ ನೌಕೆ ಅದರ ಅರ್ಧದಲ್ಲಿ ಕೂರುತ್ತದೆ. ಎರಡು ಸೆಟ್ ಚಿತ್ರಗಳಲ್ಲಿ ಕೆಲಸ ಮುಗಿಯಿತು. ಬದಲಿಗೆ ನೀವು ಶಾಟ್ ಪಟ್ಟಿಗೆ ನಿಷ್ಠರಾಗಿರಬೇಕು. ನಡುವೆ ಮನಸ್ಸು ಬದಲಿಸಿ ಎಂಜಿನ್ ಹತ್ತಿರ ಕ್ಯಾಮೆರಾ ತಂದರೆ ಆ ಭಾಗವನ್ನು ಮತ್ತೆ ಬಿಡಿಸಬೇಕಾಗುತ್ತದೆ.

## 2. ನೌಕೆ ಏನು ಕೆಲಸ ಮಾಡುತ್ತದೆ ಎಂದು ಬರೆಯಿರಿ, ಆಮೇಲೆ ಗೆರೆ ಎಳೆಯಿರಿ

ಒಂದು ವಾಕ್ಯ ಸಾಕು: ‘ಕ್ಷುದ್ರಗ್ರಹದಿಂದ ಹಿಮಗಡ್ಡೆ ತುಂಬಿ ತರುವ ಹಳೆಯ ನೌಕೆ, ಆರು ಜನ ಸಿಬ್ಬಂದಿ.’ ಈ ವಾಕ್ಯದಿಂದ ತೊಟ್ಟಿ ಎಲ್ಲಿರಬೇಕು, ಬಾಗಿಲು ಎಷ್ಟು ದೊಡ್ಡದು, ಕಿಟಕಿ ಎಷ್ಟು, ಎಲ್ಲಿ ಸವೆದಿರುತ್ತದೆ ಎಂಬುದೆಲ್ಲ ತಾನಾಗಿ ಬರುತ್ತದೆ.

ಎರಡು ಭೌತಿಕ ಸತ್ಯಗಳನ್ನು ಮಾತ್ರ ಪಾಲಿಸಿ, ನೋಡುಗರಿಗೆ ಕಾರಣ ಗೊತ್ತಿಲ್ಲದಿದ್ದರೂ ನೌಕೆ ನಂಬುವಂತಾಗುತ್ತದೆ. ಮೊದಲನೆಯದು, ಎಂಜಿನ್ನುಗಳ ಒಟ್ಟು ತಳ್ಳುವಿಕೆಯ ರೇಖೆ ನೌಕೆಯ ಗುರುತ್ವ ಕೇಂದ್ರದ ಮೂಲಕ ಹಾಯಬೇಕು, ಇಲ್ಲದಿದ್ದರೆ ನೌಕೆ ಗಿರಗಿರನೆ ತಿರುಗುತ್ತದೆ. ದೊಡ್ಡ ತೊಟ್ಟಿಯನ್ನು ಮೇಲಿಟ್ಟು ಎಂಜಿನ್ನನ್ನು ಕೆಳಗೆ ತಗುಲಿಸಿದ ವಿನ್ಯಾಸಗಳು ಕಣ್ಣಿಗೆ ಏನೋ ತಪ್ಪಿದಂತೆ ಕಾಣುವುದು ಇದಕ್ಕೇ. ಎರಡನೆಯದು, ನಿರ್ವಾತದಲ್ಲಿ ಶಾಖವನ್ನು ಗಾಳಿ ಹೊತ್ತೊಯ್ಯುವುದಿಲ್ಲ, ಅದು ವಿಕಿರಣವಾಗಿಯೇ ಹೊರಹೋಗಬೇಕು. 109 ಮೀಟರ್ ಉದ್ದದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸೌರಫಲಕಗಳ ಜೊತೆ ದೊಡ್ಡ ಬಿಳಿ ರೇಡಿಯೇಟರ್ ಹಲಗೆಗಳೂ ಇರುವುದು ಅದಕ್ಕೆ. ನಿಮ್ಮ ನೌಕೆಗೂ ಎರಡು ರೇಡಿಯೇಟರ್ ಕೊಡಿ. ಆಕಾರಕ್ಕೆ ರೆಕ್ಕೆಯಂಥ ಚೆಲುವೂ ಬರುತ್ತದೆ, ಅದಕ್ಕೊಂದು ಕಾರಣವೂ ಇರುತ್ತದೆ.

ನೋಡಿ ಕಲಿಯಲು ಬೇರೆ ಕಲಾವಿದರ ನೌಕೆಗಳನ್ನಷ್ಟೇ ಕೂಡಿಡಬೇಡಿ. ಅವರ ಉತ್ತರಗಳು ಸಿಗುತ್ತವೆ, ಪ್ರಶ್ನೆಗಳು ಸಿಗುವುದಿಲ್ಲ. ನಿಜವಾದ ಯಂತ್ರಗಳ ಹತ್ತಿರ ಹೋಗಿ. ಬೆಂಗಳೂರಿನಲ್ಲಿರುವವರಿಗೆ ಎಚ್‌ಎಎಲ್ ಪಾರಂಪರಿಕ ಕೇಂದ್ರವಿದೆ. ಅಲ್ಲಿನ ಮಾರುತ್, ಮಿಗ್-21 ವಿಮಾನಗಳ ಮೈಯಲ್ಲಿ ತಗಡು ತಗಡಿಗೆ ಸೇರುವ ಜಾಗ, ರಿವೆಟ್ ಸಾಲು, ಬಿಚ್ಚುವ ಮುಚ್ಚಳದ ತಿರುಪು ಇವನ್ನು ಗಮನಿಸಿ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪಲ್ ಯುದ್ಧನೌಕೆಯಲ್ಲಿ ಏಣಿ, ಹಿಡಿಕೆ, ಕೊಳವೆಗಳು ಹೇಗೆ ಒತ್ತೊತ್ತಾಗಿ ಒಂದೆಡೆ ಸೇರಿ ಇನ್ನೊಂದೆಡೆ ಗೋಡೆಯನ್ನು ಖಾಲಿ ಬಿಟ್ಟಿವೆ ಎಂದು ನೋಡಿ. ಎಲ್ಲಿಗೂ ಹೋಗಲಾಗದಿದ್ದರೆ ರಸ್ತೆಬದಿಯ ಜೆಸಿಬಿ ಸಾಕು. ಅದರ ಬಣ್ಣ ಎಲ್ಲಿ ಸುಲಿದಿದೆ, ಗ್ರೀಸು ಎಲ್ಲಿ ಒಸರಿದೆ, ಚಾಲಕ ಎಲ್ಲಿ ಕಾಲಿಟ್ಟು ಹತ್ತುತ್ತಾನೆ: ಈ ಮೂರೂ ಎಂಟನೆಯ ಹಂತದಲ್ಲಿ ನೇರವಾಗಿ ಬಳಕೆಗೆ ಬರುತ್ತವೆ.

ಪಕ್ಕ, ಮೇಲೆ, ಮುಂದೆ ಹೀಗೆ ಮೂರು ನೋಟಗಳ ಪೆನ್ಸಿಲ್ ಚಿತ್ರ ಬರೆಯಿರಿ. ಕಲಾತ್ಮಕವಾಗಿರಬೇಕಿಲ್ಲ, ಅಳತೆ ಹೊಂದಿಕೆಯಾದರೆ ಸಾಕು.

## 3. ಬರಿಯ ಪೆಟ್ಟಿಗೆಗಳಿಂದ ಕಟ್ಟಿ, ಆಗಲೇ ಓಡಿಸಿ ನೋಡಿ

ಬ್ಲೆಂಡರ್‌ನಲ್ಲಿ ಅಳತೆಯ ಘಟಕ ಮೀಟರ್ ಇರಲಿ. ಮೊದಲು ಸೇರಿಸಬೇಕಾದ ವಸ್ತು 1.75 ಮೀಟರ್ ಎತ್ತರದ ಒಬ್ಬ ಮನುಷ್ಯನ ಗೊಂಬೆ. ಒಂದು ಸಿಲಿಂಡರ್ ಆದರೂ ಸರಿ. ಅದು ಕೊನೆಯವರೆಗೂ ಸೀನಿನಲ್ಲೇ ಇರಲಿ. ಬಾಗಿಲು, ಕಿಟಕಿ, ಹಿಡಿಕೆ ಮಾಡುವಾಗಲೆಲ್ಲ ಅದನ್ನು ಪಕ್ಕಕ್ಕೆ ತಂದು ನಿಲ್ಲಿಸಿ. ಮೂರು ಮೀಟರ್ ಎತ್ತರದ ಕಿಟಕಿ ಇಟ್ಟರೆ ನೋಡುಗನ ಕಣ್ಣು ಅದನ್ನು ಮಾಮೂಲಿ ಕಿಟಕಿ ಎಂದೇ ಓದಿ, 48 ಮೀಟರ್ ನೌಕೆಯನ್ನು ಮಿನಿಬಸ್ಸಿಗೆ ಇಳಿಸಿಬಿಡುತ್ತದೆ.

ಹದಿನೈದು ಇಪ್ಪತ್ತು ಪೆಟ್ಟಿಗೆ, ಸಿಲಿಂಡರ್‌ಗಳಿಗಿಂತ ಹೆಚ್ಚು ಬಳಸಬೇಡಿ. ಇಡೀ ಆಕಾರಕ್ಕೆ ಕಪ್ಪು ಬಣ್ಣ ಕೊಟ್ಟು, ಬಿಳಿ ಹಿನ್ನೆಲೆಯಲ್ಲಿ 100 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ಮುಂದು ಯಾವುದು, ಹಿಂದು ಯಾವುದು ತಿಳಿಯದಿದ್ದರೆ ಇಲ್ಲಿಯೇ ತಿದ್ದಿ. ಈ ಹಂತದಲ್ಲಿ ತಿದ್ದಲು ಹತ್ತು ನಿಮಿಷ ಸಾಕು, ಯುವಿ ಆದ ಮೇಲಾದರೆ ಎರಡು ವಾರ.

ಆಕಾರ ಒಪ್ಪಿಗೆಯಾದ ಕೂಡಲೇ ಕ್ಯಾಮೆರಾ ಇಟ್ಟು ಎಲ್ಲ ಶಾಟ್‌ಗಳನ್ನೂ ಈ ಪೆಟ್ಟಿಗೆ ನೌಕೆಯಿಂದಲೇ ಒರಟಾಗಿ ಅನಿಮೇಟ್ ಮಾಡಿ. ಇದನ್ನು ಬಿಡುವವರೇ ಹೆಚ್ಚು, ಆದರೆ ಇದರಷ್ಟು ಶ್ರಮ ಉಳಿಸುವ ಹಂತ ಇನ್ನೊಂದಿಲ್ಲ. ಎಂದೂ ಕ್ಯಾಮೆರಾಗೆ ಬೀಳದ ಬದಿಗಳು ಈಗಲೇ ಗೊತ್ತಾಗುತ್ತವೆ. ಅವುಗಳಿಗೆ ಒಂದು ನಿಮಿಷವನ್ನೂ ಕೊಡಬೇಕಿಲ್ಲ. ಮೊದಲ ಹಂತದ 8 ಮೀಟರ್ ಅಂದಾಜು ಸರಿಯೇ ಎಂದೂ ಇಲ್ಲಿಯೇ ಅಳೆದುಕೊಳ್ಳಿ.

ಎಚ್ಚರಿಕೆಯ ಗುರುತು: ನೌಕೆಯ ಹಿಂಭಾಗ ಕತ್ತರಿಸಿದಂತೆ ಮಾಯವಾದರೆ ಕ್ಯಾಮೆರಾದ ಕ್ಲಿಪ್ ಎಂಡ್ (ಅದು ಕಾಣುವ ದೂರದ ಮಿತಿ) ಸಾಲದಾಗಿದೆ. ಮೈ ಮೇಲೆ ಎರಡು ಪದರ ಕಿತ್ತಾಡುವಂತೆ ಮಿಣುಗಿದರೆ ಕ್ಲಿಪ್ ಸ್ಟಾರ್ಟ್ (ಹತ್ತಿರದ ಮಿತಿ) ತೀರಾ ಚಿಕ್ಕದಿದೆ, ಅಥವಾ ಎರಡು ಮುಖಗಳು ಒಂದರ ಮೇಲೊಂದು ಕೂತಿವೆ.

## 4. ವಿವರಗಳು: ದೊಡ್ಡದು, ನಡುವಿನದು, ಸಣ್ಣದು

ಮಿರರ್ ಮಾಡಿಫೈಯರ್ (ಒಂದು ಬದಿಯನ್ನು ಇನ್ನೊಂದಕ್ಕೆ ಪ್ರತಿಬಿಂಬಿಸುವ ಸಾಧನ) ಹಾಕಿ ಅರ್ಧ ನೌಕೆಯನ್ನಷ್ಟೇ ಕಟ್ಟಿ. ಪ್ರತಿ ವಸ್ತುವಿಗೂ ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಇದನ್ನು ಮರೆತರೆ ಬೆವೆಲ್ (ಅಂಚಿನ ದುಂಡು) ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬರುತ್ತದೆ, ಯುವಿ ಹಿಗ್ಗುತ್ತದೆ. ಜನ ಗಂಟೆಗಟ್ಟಲೆ ಬೆವೆಲ್ ಸಂಖ್ಯೆ ತಿರುಚುತ್ತ ಕೂರುವುದನ್ನು ನೋಡಿದ್ದೇನೆ, ಕಾರಣ ಇದೊಂದೇ.

ಯಾವುದನ್ನು ಮೆಶ್‌ನಲ್ಲಿ ಮಾಡಬೇಕು, ಯಾವುದನ್ನು ಟೆಕ್ಸ್ಚರ್‌ಗೆ ಬಿಡಬೇಕು? ನಾನು ಪಾಲಿಸುವ ನಿಯಮ ಇದು: ಹೊರ ಅಂಚಿನ ಗೆರೆಯನ್ನು ಬದಲಿಸುವಂಥದ್ದು, ಅಥವಾ ಹತ್ತಿರದ ಶಾಟ್‌ನಲ್ಲಿ ಮೂರು ಪಿಕ್ಸೆಲ್‌ಗಿಂತ ದೊಡ್ಡ ನೆರಳು ಬೀಳಿಸುವಂಥದ್ದು ಮೆಶ್. ಉಳಿದದ್ದು ನಾರ್ಮಲ್ ಮ್ಯಾಪ್, ಅಂದರೆ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ. ಹಾಗಾಗಿ ಕೊಳವೆ, ಆಂಟೆನಾ, ಬಾಗಿಲ ಚೌಕಟ್ಟು ಮೆಶ್. ತಿರುಪು, ರಿವೆಟ್, ತಗಡಿನ ಸಂದು ಚಿತ್ರ.

ಬೆವೆಲ್ ಬಗ್ಗೆ ತುಸು ನಿಂತು ಹೇಳಬೇಕು, ಆಟಿಕೆಯ ರೋಗ ಹುಟ್ಟುವುದು ಇಲ್ಲಿ. ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಆಟಿಕೆಯ ಅಂಚುಗಳು ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ದುಂಡಗೆ. ಹತ್ತು ಸೆಂಟಿಮೀಟರ್ ಆಟಿಕೆಯಲ್ಲಿ ಅರ್ಧ ಮಿಲಿಮೀಟರ್ ದುಂಡು ಎಂದರೆ, ನಮ್ಮ 48 ಮೀಟರ್ ನೌಕೆಯಲ್ಲಿ ಅದು 24 ಸೆಂಟಿಮೀಟರ್. ನೀವು ಕಣ್ಣಳತೆಯಲ್ಲಿ 20 ಸೆಂಟಿಮೀಟರ್ ಬೆವೆಲ್ ಕೊಟ್ಟರೆ ನೋಡುಗರ ಮಿದುಳು ‘ಆಟಿಕೆ’ ಎಂದೇ ಓದುತ್ತದೆ. 1ರಿಂದ 2 ಸೆಂಟಿಮೀಟರ್ ಸಾಕು. ಬೆವೆಲ್ ಇಲ್ಲವೇ ಇಲ್ಲದ ಅಂಚೂ ತಪ್ಪು. ಬೆಳಕಿನ ಸಣ್ಣ ಗೆರೆ ಹಿಡಿಯದ ಅಂಚು ಕಾಗದದಲ್ಲಿ ಕತ್ತರಿಸಿದಂತೆ ಇರುತ್ತದೆ. ಬೆವೆಲ್ ಮಾಡಿಫೈಯರ್ ಕೆಳಗೆ ವೇಟೆಡ್ ನಾರ್ಮಲ್ ಮಾಡಿಫೈಯರ್ ಹಾಕಿದರೆ ಚಪ್ಪಟೆ ಮುಖಗಳ ಮೇಲಿನ ವಿಚಿತ್ರ ಕರಿನೆರಳು ಹೋಗುತ್ತದೆ.

ಸಣ್ಣ ಯಂತ್ರಭಾಗಗಳನ್ನು ಎಂಟು ಹತ್ತು ಬಗೆಯಷ್ಟೇ ಮಾಡಿ. ಆಲ್ಟ್ ಮತ್ತು ಡಿ ಒತ್ತಿ ಲಿಂಕ್ ಆದ ಪ್ರತಿಗಳನ್ನು ಮಾಡಿ, ತಿರುಗಿಸಿ ಬಳಸಿ. ಇಂಥ ಪ್ರತಿಗಳು ಒಂದೇ ಮೆಶ್ ಹಂಚಿಕೊಳ್ಳುವುದರಿಂದ ಮೆಮೊರಿ ಉಳಿಯುತ್ತದೆ. ಅವುಗಳನ್ನು ಇಡೀ ಮೈಗೆ ಸಮನಾಗಿ ಚೆಲ್ಲಬೇಡಿ. ಎಂಜಿನ್ ಸುತ್ತ, ಬಾಗಿಲ ಬಳಿ, ಎರಡು ದೊಡ್ಡ ಭಾಗಗಳು ಸೇರುವ ಸಂದಿನಲ್ಲಿ ಒತ್ತಾಗಿ ಕೂರಿಸಿ, ಮೈಯ ಬಹುಪಾಲನ್ನು ಖಾಲಿ ಬಿಡಿ. ಕಣ್ಣಿಗೆ ಸುಧಾರಿಸಿಕೊಳ್ಳಲು ಜಾಗವಿದ್ದಾಗಲೇ ಒತ್ತಾದ ಜಾಗ ಒತ್ತಾಗಿ ಕಾಣುವುದು.

## 5. ಯುವಿಗೆ ಮುಂಚೆ ಮೆಶ್ ತಪಾಸಣೆ

ಹದಿನೈದು ನಿಮಿಷದ ಕೆಲಸ. ಓವರ್‌ಲೇಯಲ್ಲಿ ಫೇಸ್ ಓರಿಯೆಂಟೇಷನ್ (ಮುಖಗಳ ಒಳ ಹೊರ ತೋರಿಸುವ ಬಣ್ಣ) ಆನ್ ಮಾಡಿ. ಹೊರಮೈಯೆಲ್ಲ ನೀಲಿ ಇರಬೇಕು. ಕೆಂಪು ಕಂಡಲ್ಲಿ ಎಡಿಟ್ ಮೋಡ್‌ಗೆ ಹೋಗಿ ಎಲ್ಲ ಆಯ್ದು ಶಿಫ್ಟ್ ಮತ್ತು ಎನ್ ಒತ್ತಿ. ಎಂ ಒತ್ತಿ ‘ಬೈ ಡಿಸ್ಟೆನ್ಸ್’ ಆಯ್ದರೆ ಒಂದರ ಮೇಲೊಂದು ಕೂತ ಬಿಂದುಗಳು ಸೇರಿಕೊಳ್ಳುತ್ತವೆ. ಬೂಲಿಯನ್‌ನಿಂದ (ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಸಾಧನ) ಕೊರೆದ ಜಾಗಗಳಲ್ಲಿ ಬಾಗಿದ ಮೈ ಇದ್ದರೆ ಸುಕ್ಕು ಬಂದಿದೆಯೇ ನೋಡಿ. ಚಪ್ಪಟೆ ಮುಖದಲ್ಲಿ ಬಹುಭುಜಗಳಿದ್ದರೆ ತೊಂದರೆಯಿಲ್ಲ.

ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿ. ಇಲ್ಲಿಂದ ಮುಂದೆ ಆಕಾರ ಬದಲಿಸುವಂತಿಲ್ಲ.

## 6. ಯುವಿ ಬಿಡಿಸುವುದು

ದರ್ಜಿ ಬಟ್ಟೆ ಕತ್ತರಿಸುವಂತೆಯೇ ಇದು. ಹೊಲಿಗೆ ಕಾಣದ ಕಡೆ ಬರಬೇಕು. ಕೆಳಹೊಟ್ಟೆ, ಭಾಗಗಳು ಸೇರುವ ಸಂದು, ಚೂಪು ಅಂಚು ಇಲ್ಲಿ ಸೀಮ್ ಗುರುತಿಸಿ. ಸಿಲಿಂಡರ್ ಆದರೆ ಎರಡು ತಟ್ಟೆ, ಉದ್ದಕ್ಕೊಂದು ಸೀಮ್. ಕ್ಯಾಮೆರಾಗೆ ದೂರದ ಸಣ್ಣಪುಟ್ಟ ಭಾಗಗಳಿಗೆ ತಾನಾಗಿ ಬಿಡಿಸುವ ಸ್ಮಾರ್ಟ್ ಯುವಿ ಪ್ರಾಜೆಕ್ಟ್ ಸಾಕು. ದೊಡ್ಡ ಮೈಗೆ ಅದನ್ನು ಬಳಸಿದರೆ ನೂರಾರು ಚೂರುಗಳಾಗಿ ಪ್ರತಿ ಚೂರಿನ ಅಂಚಲ್ಲೂ ಬಣ್ಣ ಕಡಿದುಹೋಗುತ್ತದೆ.

ಆಮೇಲೆ ಹೊಸ ಚಿತ್ರ ಸೃಷ್ಟಿಸುವಾಗ ಸಿಗುವ ಕಲರ್ ಗ್ರಿಡ್ ಆಯ್ಕೆಯನ್ನು ಇಡೀ ನೌಕೆಗೆ ಹಾಕಿ. ಚೌಕಗಳು ಚೌಕವಾಗಿಯೇ ಇರಬೇಕು. ಒಂದೇ ಸಾಂದ್ರತೆಯ ಭಾಗಗಳಲ್ಲಿ ಚೌಕದ ಗಾತ್ರ ಒಂದೇ ಇರಬೇಕು. ಅಕ್ಕಪಕ್ಕದ ಎರಡು ತಗಡುಗಳಲ್ಲಿ ಒಂದರದ್ದು ಲಾಡು, ಇನ್ನೊಂದರದ್ದು ಸಾಸಿವೆ ಆಗಿದ್ದರೆ ಆವರೇಜ್ ಐಲೆಂಡ್ ಸ್ಕೇಲ್ ಕೊಟ್ಟು ಸರಿಪಡಿಸಿ. ಚೂರುಗಳ ನಡುವೆ 4ಕೆ ಚಿತ್ರದಲ್ಲಿ 16 ಪಿಕ್ಸೆಲ್ ಅಂತರ ಬಿಡಿ.

ಮಿರರ್‌ನ ಎರಡೂ ಬದಿಗಳು ಒಂದೇ ಯುವಿ ಹಂಚಿಕೊಂಡರೆ ಜಾಗ ಉಳಿಯುತ್ತದೆ, ಆದರೆ ಬರೆದ ಅಕ್ಷರಗಳು ಒಂದು ಬದಿಯಲ್ಲಿ ಕನ್ನಡಿಯ ಬಿಂಬದಂತೆ ತಿರುಗುತ್ತವೆ. ಕೊಳೆಯೂ ಎಡಬಲ ಒಂದೇ ಆಗಿ ಕಣ್ಣಿಗೆ ಹೊಡೆಯುತ್ತದೆ. ಹತ್ತಿರದ ಶಾಟ್‌ನ ಭಾಗಕ್ಕೆ ಹಂಚಿಕೆ ಬೇಡ.

## 7. ಬೇಕ್ ಮಾಡುವುದು

ಬೇಕ್ ಎಂದರೆ ಲೆಕ್ಕ ಹಾಕಿದ ವಿವರವನ್ನು ಚಿತ್ರವಾಗಿ ಅಚ್ಚೊತ್ತುವುದು. ಆಂಬಿಯೆಂಟ್ ಅಕ್ಲೂಷನ್ (ಸಂದುಗಳ ನೆರಳು) ಮತ್ತು ನಾರ್ಮಲ್ ಇವೆರಡನ್ನೂ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಬೇಕ್ ಮಾಡಿಟ್ಟುಕೊಳ್ಳಿ. ಮೊದಲನೆಯದು ಸಂದುಗೊಂದುಗಳಲ್ಲಿ ಕೊಳೆ ಎಲ್ಲಿ ಕೂರುತ್ತದೆ ಎಂದು ತಿಳಿಸುವ ಮುಖವಾಡ (ಮಾಸ್ಕ್). ಬೇಕ್ ಆಗಬೇಕಾದ ಇಮೇಜ್ ನೋಡ್ ಶೇಡರ್‌ನಲ್ಲಿ ಆಯ್ಕೆಯಾಗಿರಬೇಕು. ಬೇರೆ ಇಮೇಜ್ ನೋಡ್ ಆಯ್ಕೆಯಾಗಿದ್ದರೆ ಬ್ಲೆಂಡರ್ ಅದರ ಮೇಲೇ ಬರೆಯುತ್ತದೆ. ಬೇಕ್ ಮುಗಿದ ಕೂಡಲೇ ಚಿತ್ರವನ್ನು ಬೇರೆಯಾಗಿ ಉಳಿಸಿ. ಬ್ಲೆಂಡ್ ಫೈಲು ಉಳಿಸಿದರೆ ಚಿತ್ರವೂ ಉಳಿಯಿತೆಂದು ನಂಬಿ ನಾನೊಮ್ಮೆ ಇಡೀ ಭಾನುವಾರದ ಕೆಲಸ ಕಳೆದುಕೊಂಡಿದ್ದೇನೆ.

ಎರಡು ಸೆಟ್ಟಿಂಗ್‌ಗಳಲ್ಲಿ ಎಲ್ಲರೂ ಎಡವುತ್ತಾರೆ. ನಾರ್ಮಲ್, ರಫ್‌ನೆಸ್, ಮೆಟಾಲಿಕ್ ಚಿತ್ರಗಳ ಕಲರ್ ಸ್ಪೇಸ್ ‘ನಾನ್-ಕಲರ್’ ಆಗಿರಬೇಕು. ಎಸ್‌ಆರ್‌ಜಿಬಿ ಇದ್ದರೆ ಬೆಳಕು ಓರೆಯಾಗಿ ಬಿದ್ದಂತೆ, ಮೈ ಜಿಡ್ಡಾದಂತೆ ತೋರುತ್ತದೆ. ಇನ್ನು ಬೇರೆಡೆಯಿಂದ ತಂದ ನಾರ್ಮಲ್ ಮ್ಯಾಪ್‌ನಲ್ಲಿ ಉಬ್ಬಬೇಕಾದ ರಿವೆಟ್ ತಗ್ಗಿದಂತೆ ಕಂಡರೆ ಅದು ಡೈರೆಕ್ಟ್‌ಎಕ್ಸ್ ಬಗೆಯದು. ಬ್ಲೆಂಡರ್ ಬಳಸುವುದು ಓಪನ್‌ಜಿಎಲ್ ಬಗೆ. ಹಸಿರು ಚಾನೆಲ್ಲನ್ನು ತಿರುವುಮುರುವು ಮಾಡಿದರೆ ಸರಿಹೋಗುತ್ತದೆ.

ಮೆಮೊರಿ ಲೆಕ್ಕ: ಒಂದು 4ಕೆ ಚಿತ್ರ ಗ್ರಾಫಿಕ್ಸ್ ಕಾರ್ಡಿನಲ್ಲಿ ಸುಮಾರು 64 ಎಂಬಿ ಹಿಡಿಯುತ್ತದೆ, ಬಣ್ಣ, ನಾರ್ಮಲ್, ರಫ್‌ನೆಸ್ (ಒರಟುತನ), ಮೆಟಾಲಿಕ್ (ಲೋಹತನ) ಹೀಗೆ ನಾಲ್ಕು ಚಿತ್ರಗಳ ಸೆಟ್ 256 ಎಂಬಿ. 8ಕೆ ಆದರೆ ಒಂದು ಸೆಟ್ಟೇ 1 ಜಿಬಿ. ಫೈಲಿನ ಗಾತ್ರ ಡಿಸ್ಕಿನಲ್ಲಿ ಎಷ್ಟು ಚಿಕ್ಕದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

## 8. ಬಣ್ಣದ ಪದರಗಳು

ನೌಕೆ ನಿಜವಾಗಿ ಹೇಗೆ ತಯಾರಾಗುತ್ತದೋ ಅದೇ ಕ್ರಮದಲ್ಲಿ ಪದರ ಹಾಕಿ: ಲೋಹ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗುರುತುಗಳು, ಆಮೇಲೆ ಸವೆತ, ಕೊನೆಗೆ ಕೊಳೆ. ಕೊಳೆಯಿಂದ ಆರಂಭಿಸುವವರ ನೌಕೆ ಎಷ್ಟು ಬಳಿದರೂ ಕೊಳಕಾಗಿರುತ್ತದೆಯೇ ಹೊರತು ಹಳೆಯದಾಗಿ ಕಾಣುವುದಿಲ್ಲ.

ಲೋಹ ಮತ್ತು ಬಣ್ಣ. ಬಣ್ಣ ಬಳಿದ ತಗಡು ಲೋಹವಲ್ಲ. ಪ್ರಿನ್ಸಿಪಲ್ಡ್ ಶೇಡರ್‌ನಲ್ಲಿ ಬಣ್ಣಕ್ಕೆ ಮೆಟಾಲಿಕ್ 0, ಬಣ್ಣ ಸುಲಿದು ಕಾಣುವ ಲೋಹಕ್ಕೆ 1. ನಡುವಿನ 0.5, 0.6 ಯಾವ ನಿಜ ವಸ್ತುವೂ ಅಲ್ಲ. ಇಡೀ ನೌಕೆಗೆ 1 ಕೊಟ್ಟವರದೇ ಆ ಇದ್ದಿಲಿನ ತುಂಡು: ಲೋಹಕ್ಕೆ ಸ್ವಂತ ಬಣ್ಣ ತೋರಿಸಲು ಪ್ರತಿಫಲಿಸುವ ಸುತ್ತಮುತ್ತಲು ಬೇಕು, ಬಾಹ್ಯಾಕಾಶದಲ್ಲಿ ಸುತ್ತಮುತ್ತಲೆಲ್ಲ ಕಪ್ಪು. ಬಿಳಿ ಬಣ್ಣವನ್ನು 0.8ರ ಮೇಲೆ ಒಯ್ಯಬೇಡಿ, ಕಪ್ಪನ್ನು 0.02ರ ಕೆಳಗೆ ಇಳಿಸಬೇಡಿ.

ಬಂಗಾರದ ಬಣ್ಣದ ಹೊದಿಕೆ ಬೇಕೆಂದರೆ ಚಂದ್ರಯಾನ-3ರ ಲ್ಯಾಂಡರ್ ಚಿತ್ರಗಳನ್ನು ನೋಡಿ. ಅದು ಬಂಗಾರವಲ್ಲ, ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿದ ಜೇನುಬಣ್ಣದ ಪಾಲಿಇಮೈಡ್ ಹಾಳೆಗಳ ಶಾಖನಿರೋಧಕ. ಅದು ಬಿಗಿಯಾಗಿ ಅಂಟಿರುವುದಿಲ್ಲ, ಸುಕ್ಕುಸುಕ್ಕಾಗಿ ಹೊದ್ದಿರುತ್ತದೆ. ಹಾಗಾಗಿ ನಯವಾದ ಹಳದಿ ಲೋಹ ಕೊಟ್ಟರೆ ಸುಳ್ಳಾಗುತ್ತದೆ. ಸುಕ್ಕಿನ ನಾರ್ಮಲ್ ಮ್ಯಾಪ್ ಇದ್ದಾಗ ಮಾತ್ರ ನಂಬಿಕೆ ಬರುತ್ತದೆ.

ತಗಡು ತಗಡಿಗೆ ವ್ಯತ್ಯಾಸ. ಪ್ರತಿ ತಗಡಿನ ಬಣ್ಣವನ್ನು ಕೂದಲೆಳೆಯಷ್ಟು, ಶೇಕಡಾ ಎರಡು ಮೂರರಷ್ಟು ಬದಲಿಸಿ. ಅದಕ್ಕಿಂತ ಮುಖ್ಯವಾಗಿ ರಫ್‌ನೆಸ್ ಬದಲಿಸಿ. ನಾಸಾದ ಸ್ಪೇಸ್ ಶಟಲ್ ಮೈಯಲ್ಲಿ 24,000ಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳಿದ್ದವು. ಕೆಳಹೊಟ್ಟೆಯ ಕಪ್ಪು ಬಿಲ್ಲೆಗಳಲ್ಲಿ ಹಲವು ಹಾರಾಟ ಕಂಡವು ಬೂದು ಬಣ್ಣವಾಗಿ, ಹೊಸದಾಗಿ ಹಾಕಿದವು ಕಡುಕಪ್ಪಾಗಿ ಪಕ್ಕಪಕ್ಕದಲ್ಲೇ ಕಾಣುತ್ತಿದ್ದವು. ಆ ತೇಪೆಯ ನೋಟವೇ ‘ಇದನ್ನು ಯಾರೋ ನೋಡಿಕೊಂಡಿದ್ದಾರೆ, ರಿಪೇರಿ ಮಾಡಿದ್ದಾರೆ’ ಎಂದು ಹೇಳುತ್ತದೆ. ನಮ್ಮ ಸರಕು ನೌಕೆಯಲ್ಲೂ ಆರೇಳು ತಗಡುಗಳನ್ನು ಬೇರೆ ಕಾಲದವು ಎನ್ನುವಂತೆ ಬಳಿಯಿರಿ.

ತಗಡಿನ ಸಂದುಗಳು. ಗೆರೆಯ ದಪ್ಪಕ್ಕೂ ಅದೇ ಲೆಕ್ಕ. ಮೀಟರಿಗೆ 240 ಪಿಕ್ಸೆಲ್ ಇದ್ದಲ್ಲಿ 1 ಸೆಂಟಿಮೀಟರ್ ಸಂದು 2.4 ಪಿಕ್ಸೆಲ್ ಆಗುತ್ತದೆ, ಸರಿಯಾಗಿ ಬರುತ್ತದೆ. ಮೀಟರಿಗೆ 60 ಇದ್ದಲ್ಲಿ ಅದೇ ಸಂದು 0.6 ಪಿಕ್ಸೆಲ್. ನಿಂತ ಚಿತ್ರದಲ್ಲಿ ಗೊತ್ತಾಗದ ಈ ದೋಷ ನೌಕೆ ಚಲಿಸಿದಾಗ ಇಡೀ ಮೈ ಮಿಣಮಿಣ ಎನ್ನುವಂತೆ ಮಾಡುತ್ತದೆ. ದೂರದ ಭಾಗಗಳಲ್ಲಿ ಸಂದುಗಳನ್ನು ಕಡಿಮೆ ಮಾಡಿ, ಇರುವವನ್ನು 4 ಸೆಂಟಿಮೀಟರ್‌ಗೆ ಅಗಲಿಸಿ.

ಅಕ್ಷರಗಳು. ನೌಕೆಗೆ ಕನ್ನಡದಲ್ಲಿ ಹೆಸರು ಬರೆಯುವ ಆಸೆ ನಿಮಗಿದ್ದರೆ, ದಯವಿಟ್ಟು ಬಿಡಬೇಡಿ. ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ನೇರವಾಗಿ ಟೈಪಿಸಿದರೆ ಒತ್ತಕ್ಷರ, ಗುಣಿತ ಒಡೆದುಹೋಗುವುದುಂಟು. ‘ನಕ್ಷತ್ರ’ ಎಂಬ ಪದವೇ ಇದಕ್ಕೆ ಒಳ್ಳೆಯ ಪರೀಕ್ಷೆ. ಇಂಕ್‌ಸ್ಕೇಪ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟಿನಲ್ಲಿ ಬರೆದು, ಆಬ್ಜೆಕ್ಟ್ ಟು ಪಾತ್ ಕೊಟ್ಟು ಎಸ್‌ವಿಜಿಯಾಗಿ ಉಳಿಸಿ, ಅದನ್ನು ಬ್ಲೆಂಡರ್‌ಗೆ ತನ್ನಿ. ಇಲ್ಲವೇ ಪಾರದರ್ಶಕ ಪಿಎನ್‌ಜಿ ಮಾಡಿ, ಒಂದು ಹಲಗೆಯ ಮೇಲೆ ಹಾಕಿ, ಶ್ರಿಂಕ್‌ರ‍್ಯಾಪ್ ಮಾಡಿಫೈಯರ್‌ನಿಂದ ಮೈಗೆ ಅಂಟಿಸಿ, 2 ಮಿಲಿಮೀಟರ್ ಅಂತರ ಕೊಡಿ. ಮನುಷ್ಯನ ಎತ್ತರಕ್ಕೆ ಓದಲು ಬರೆದ ಸಣ್ಣ ಎಚ್ಚರಿಕೆ ಫಲಕಗಳು ದೊಡ್ಡ ಹೆಸರಿಗಿಂತ ಚೆನ್ನಾಗಿ ಗಾತ್ರ ತೋರಿಸುತ್ತವೆ.

ಸವೆತ. ಪಾಯಿಂಟಿನೆಸ್ ಅಥವಾ ಅಂಚಿನ ಮುಖವಾಡ ಬಳಸಿ ಎಲ್ಲ ಅಂಚುಗಳಲ್ಲೂ ಒಂದೇ ಸಮ ಬಣ್ಣ ಸುಲಿಸುವುದು ಈಗ ರೂಢಿಯಾಗಿಬಿಟ್ಟಿದೆ. ಬಾಹ್ಯಾಕಾಶದಲ್ಲಿ ಆ ಅಂಚನ್ನು ಉಜ್ಜಿದವರು ಯಾರು? ಮುಖವಾಡದಿಂದ ಬಂದ ಸವೆತದ ಮುಕ್ಕಾಲು ಭಾಗವನ್ನು ಕೈಯಿಂದ ಅಳಿಸಿ. ಸರಕು ತಗಲುವ ಬಾಗಿಲ ಹೊಸ್ತಿಲು, ಇನ್ನೊಂದು ನೌಕೆ ಕಚ್ಚಿಕೊಳ್ಳುವ ಕೊಂಡಿ, ಸಿಬ್ಬಂದಿ ಹಿಡಿಯುವ ಹಿಡಿಕೆ, ಪದೇ ಪದೇ ಬಿಚ್ಚುವ ಮುಚ್ಚಳದ ತಿರುಪು ಇಲ್ಲಿ ಮಾತ್ರ ಉಳಿಸಿ. ಜೆಸಿಬಿ ನೋಡಿ ಬರೆದುಕೊಂಡದ್ದನ್ನು ಈಗ ತೆಗೆಯಿರಿ.

ಕೊಳೆ. ಕೆಳಮುಖವಾಗಿ ಇಳಿದ ತುಕ್ಕಿನ ಗೆರೆಗಳು ಗುರುತ್ವಾಕರ್ಷಣೆ ಮತ್ತು ನೀರು ಇರುವೆಡೆಯ ಕಥೆ. ನಿಮ್ಮ ನೌಕೆ ಗ್ರಹದಲ್ಲಿ ಇಳಿದು ಮಳೆಯಲ್ಲಿ ನಿಲ್ಲುವುದಾದರೆ ಸರಿ. ಎಂದೂ ಇಳಿಯದ ನೌಕೆಗೆ ಅದು ಸಲ್ಲದು. ಅದಕ್ಕೆ ಸಲ್ಲುವುದು ದಿಕ್ಕು ತಿರುಗಿಸುವ ಸಣ್ಣ ನಳಿಕೆಗಳ ಸುತ್ತ ಬೀಸಣಿಗೆಯಾಕಾರದ ಮಸುಕು, ಮುಂಭಾಗದಲ್ಲಿ ಸೂಕ್ಷ್ಮ ಉಲ್ಕಾಕಣಗಳ ಚುಕ್ಕೆ, ಬಿಸಿಲಿಗೆ ಹಳದಿಗೆ ತಿರುಗಿದ ಬಿಳಿ. ವಾತಾವರಣ ಹೊಕ್ಕು ಬರುವ ನೌಕೆಯಾದರೆ ಸುಟ್ಟ ಗುರುತುಗಳು ಮುಂದಿನಿಂದ ಹಿಂದಕ್ಕೆ ಗಾಳಿ ಹರಿದ ದಿಕ್ಕಿನಲ್ಲೇ ಇರಬೇಕು.

## 9. ಬೆಳಕಿನಲ್ಲಿ ಪರೀಕ್ಷೆ

ಬಣ್ಣ ಬಳಿಯುವಾಗಲೇ ಅಂತಿಮ ಬೆಳಕು ಹಾಕಿಕೊಂಡಿರಿ. ಸ್ಟುಡಿಯೊ ಎಚ್‌ಡಿಆರ್‌ಐನಲ್ಲಿ (ಸುತ್ತಲಿನ ಬೆಳಕು ಹಿಡಿದಿಟ್ಟ ಚಿತ್ರ) ಚೆಂದ ಕಂಡದ್ದು ಒಂದೇ ಸೂರ್ಯನ ಕೆಳಗೆ ಬೇರೆಯೇ ಆಗುತ್ತದೆ. ಸನ್ ಲೈಟ್‌ನ ಕೋನ 0.5 ಡಿಗ್ರಿ ಇರಲಿ, ಭೂಮಿಯಿಂದ ಸೂರ್ಯ ಕಾಣುವುದು ಸುಮಾರು ಅಷ್ಟೇ ಅಗಲ. ನೆರಳಿನ ಅಂಚು ಚೂಪಾಗುತ್ತದೆ, ನೌಕೆ ದೊಡ್ಡದಾಗುತ್ತದೆ. ನೆರಳಿನ ಬದಿ ಪೂರ್ತಿ ಕಪ್ಪಾಗದಂತೆ ಹತ್ತಿರದ ಗ್ರಹದ ಬೆಳಕೆಂದು ಮಂದವಾದ ದೊಡ್ಡ ಏರಿಯಾ ಲೈಟ್ ಒಂದನ್ನು ಎದುರು ಬದಿಯಲ್ಲಿಡಿ. ಲೋಹಕ್ಕೆ ಪ್ರತಿಫಲಿಸಲು ಏನಾದರೂ ಬೇಕಲ್ಲ, ಅದಕ್ಕೆ ಕ್ಯಾಮೆರಾಗೆ ಕಾಣದಂತೆ ಮಂದ ಎಚ್‌ಡಿಆರ್‌ಐ ಸೇರಿಸಬಹುದು.

ಡೆಪ್ತ್ ಆಫ್ ಫೀಲ್ಡ್ ಬೇಡ. ಹಿಂದುಮುಂದು ಮಸುಕಾದರೆ ಕಣ್ಣು ಅದನ್ನು ಕೈಯಳತೆಯ ವಸ್ತುವಿನ ಹತ್ತಿರದ ಫೋಟೊ ಎಂದೇ ತಿಳಿಯುತ್ತದೆ.

## 10. ಓಡಿಸುವುದು ಮತ್ತು ರೆಂಡರ್

ಎಲ್ಲ ಭಾಗಗಳನ್ನೂ ಗುರುತ್ವ ಕೇಂದ್ರದಲ್ಲಿಟ್ಟ ಒಂದು ಎಂಪ್ಟಿಗೆ (ರೆಂಡರ್‌ನಲ್ಲಿ ಕಾಣದ ಆಧಾರಬಿಂದು) ಪೇರೆಂಟ್ ಮಾಡಿ, ಕೀ ಫ್ರೇಮುಗಳನ್ನು ಅದಕ್ಕೆ ಮಾತ್ರ ಕೊಡಿ. 48 ಮೀಟರ್ ನೌಕೆ ಒಂದು ಸೆಕೆಂಡಿನಲ್ಲಿ ಗಿರಕಿ ಹೊಡೆದರೆ ಅಷ್ಟೂ ಹೊತ್ತು ಮಾಡಿದ ಟೆಕ್ಸ್ಚರ್ ಕೆಲಸ ನೀರುಪಾಲು. ನಿಮಗೆ ಸರಿಯೆನಿಸಿದ ವೇಗವನ್ನು ಅರ್ಧಕ್ಕಿಳಿಸಿ ನೋಡಿ.

ಪೂರ್ತಿ ರೆಂಡರ್‌ಗೆ ಮುಂಚೆ ಅತಿ ಹತ್ತಿರದ ಶಾಟ್‌ನ ಹತ್ತು ಅನುಕ್ರಮ ಫ್ರೇಮುಗಳನ್ನು ತೆಗೆದು ಓಡಿಸಿ. ಮೈ ಮೇಲೆ ಕುದಿಯುವಂಥ ಚಲನೆ ಕಂಡರೆ ಸ್ಯಾಂಪಲ್ (ಪಿಕ್ಸೆಲ್ಲಿಗೆ ಎಸೆಯುವ ಬೆಳಕಿನ ಕಿರಣಗಳ ಎಣಿಕೆ) ಕಡಿಮೆಯಾಗಿ, ಕಾಳುಕಾಳನ್ನು ಒರೆಸುವ ಡಿನಾಯ್ಸರ್ ಊಹಿಸುತ್ತಿದೆ ಎಂದರ್ಥ, ಸ್ಯಾಂಪಲ್ ಏರಿಸಿ. ನಕ್ಷತ್ರಗಳನ್ನು ಬೇರೆ ಪದರದಲ್ಲಿ ಡಿನಾಯ್ಸ್ ಮಾಡದೆ ರೆಂಡರ್ ಮಾಡಿ, ಇಲ್ಲವಾದರೆ ಡಿನಾಯ್ಸರ್ ಅವನ್ನು ಕಸವೆಂದು ಒರೆಸಿಹಾಕುತ್ತದೆ. ಪರ್ಫಾರ್ಮೆನ್ಸ್ ವಿಭಾಗದ ಪರ್ಸಿಸ್ಟೆಂಟ್ ಡೇಟಾ ಆನ್ ಮಾಡಿದರೆ ಪ್ರತಿ ಫ್ರೇಮಿಗೂ ಸೀನನ್ನು ಹೊಸದಾಗಿ ತುಂಬುವ ಸಮಯ ಉಳಿಯುತ್ತದೆ, ಮೆಮೊರಿ ಮಾತ್ರ ಹೆಚ್ಚು ಬೇಡುತ್ತದೆ.

20 ಸೆಕೆಂಡಿನ ಶಾಟ್ ಎಂದರೆ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ 480 ಫ್ರೇಮು. ಫ್ರೇಮಿಗೆ 3 ನಿಮಿಷವಾದರೆ ಸರಿಯಾಗಿ 24 ಗಂಟೆ. ಆ 24 ಗಂಟೆಯಲ್ಲಿ ಕರೆಂಟು ಒಮ್ಮೆಯಾದರೂ ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ನೇರ ವಿಡಿಯೊ ಫೈಲಿಗೆ ರೆಂಡರ್ ಮಾಡುತ್ತಿದ್ದರೆ ಎಲ್ಲವೂ ಹೋಯಿತು. ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರಸರಣಿಯಾಗಿ ಮಾಡಿ, ಓವರ್‌ರೈಟ್ ಆಫ್ ಮಾಡಿ ಇಡಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಮುಗಿದವನ್ನು ಬಿಟ್ಟು ನಿಂತಲ್ಲಿಂದ ಮುಂದುವರಿಯುತ್ತದೆ. ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಕೊನೆಯ ಚಿತ್ರ ಅರ್ಧಕ್ಕೆ ನಿಂತಿರಬಹುದು. ಅದೊಂದನ್ನು ಅಳಿಸಿ ಆಮೇಲೆ ಶುರು ಮಾಡಿ.

ಸರಣಿ ಮುಗಿದ ಮೇಲೆ ವಿಡಿಯೊ ಸೀಕ್ವೆನ್ಸರ್‌ಗೆ ತಂದು ಓಡಿಸಿ. ಬಾಗಿಲ ಹತ್ತಿರ ಯಾವುದೋ ಐದಾರು ಫ್ರೇಮಿನಲ್ಲಿ ತಿರುಪೊಂದು ಮಿಣುಗುವುದು, ಅಕ್ಷರದ ಹಲಗೆ ಮೈಯೊಳಗೆ ಮುಳುಗಿರುವುದು ಆಗ ಕಣ್ಣಿಗೆ ಬೀಳುತ್ತದೆ. ಆ ಐದಾರು ಚಿತ್ರಗಳನ್ನಷ್ಟೇ ಅಳಿಸಿ, ತಿದ್ದಿ, ಮತ್ತೆ ರೆಂಡರ್ ಒತ್ತಿ.